ಚೀಲಗಳ ನಡುವಿನ ಸಂದು

ಸತ್ತ ಎತ್ತಿಗೆ ಊರೊಳಗೆ ಜಾಗವಿಲ್ಲ. ಕೇರಿಯವರು ಬಂದು ಎಳೆದುಕೊಂಡು ಹೋಗಬೇಕು. ಚರ್ಮ ಸುಲಿಯಬೇಕು. ಉಳಿದದ್ದನ್ನು ಊರಾಚೆಯ ಹಳ್ಳಕ್ಕೆ ಹಾಕಬೇಕು. ನಾಯಿ, ಹದ್ದು, ಬಿಸಿಲು ತಮ್ಮ ತಮ್ಮ ಪಾಲು ತೆಗೆದುಕೊಂಡ ಮೇಲೆ ಎಲುಬು ಉಳಿಯುತ್ತದೆ. ಆ ಎಲುಬು ಹಡಗು ಹತ್ತಿ ಬೆಲ್ಜಿಯಮ್ ದೇಶಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಬೇಯಿಸಿ ಅಂಟು ತೆಗೆಯುತ್ತಾರೆ. ಆ ಅಂಟಿನಿಂದ ಫೋಟೋದ ಫಿಲ್ಮು ಆಗುತ್ತದೆ. ಔಷಧದ ಪುಡಿ ತುಂಬುವ ಕ್ಯಾಪ್ಸೂಲಿನ ಕವಚ ಆಗುತ್ತದೆ. ಸತ್ತ ಎತ್ತನ್ನು ಮುಟ್ಟದವರು ಅದನ್ನು ನೀರು ಕುಡಿದು ನುಂಗುತ್ತಾರೆ.

ಎಪ್ಪತ್ನಾಲ್ಕರ ಬೇಸಿಗೆ. ಬರ ಮುಗಿದಿತ್ತು, ಬರದಲ್ಲಿ ಸತ್ತ ದನಗಳ ಎಲುಬು ಮುಗಿದಿರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಗಳಿಂದ ಕೇರಿಯವರು ಅದನ್ನು ಬುಟ್ಟಿಯಲ್ಲಿ ಆರಿಸಿ ತಂದು ರಸ್ತೆಯ ಬದಿಗೆ ಗುಡ್ಡೆ ಹಾಕುತ್ತಿದ್ದರು. ಕಾಸಿಂಸಾಬನ ಲಾರಿ ಅದನ್ನು ತುಂಬಿಕೊಂಡು ಬಸವನ ಬಾಗೇವಾಡಿ ಕಡೆಯ ರೈಲು ಹಳಿಯ ಪಕ್ಕದ ಗೋದಾಮಿಗೆ ತರುತ್ತಿತ್ತು. ಗೋದಾಮು ರಾವಸಾಬನದು.

ರಾವಸಾಬ ಎಲುಬು ಕೊಂಡವನಲ್ಲ, ಮಾರಿದವನೂ ಅಲ್ಲ. ಸಾಗಿಸುವವನು. ಕೊಂಡವನು ಸೊಲ್ಲಾಪುರದ ವ್ಯಾಪಾರಿ. ಬೇಕೆಂದು ಕೇಳಿದವನು ಸಮುದ್ರದಾಚೆಯ ಕಾರ್ಖಾನೆಯವನು. ಇವರಿಬ್ಬರ ನಡುವೆ ಮಾಲು ಎಷ್ಟೋ ಕೈ ದಾಟಬೇಕು. ಇಲ್ಲಿಂದ ಸಣ್ಣ ಹಳಿಯ ವ್ಯಾಗನ್ನಿನಲ್ಲಿ ಹೊಟಗಿಗೆ. ಅಲ್ಲಿ ಇಳಿಸಿ ದೊಡ್ಡ ಹಳಿಯ ವ್ಯಾಗನ್ನಿಗೆ. ಅಲ್ಲಿಂದ ಮುಂಬಯಿ ಬಂದರು. ಬಂದರಿನಲ್ಲಿ ಬೇರೆ ಏಜೆಂಟ, ಕಸ್ಟಮ್ಸಿನವರು, ಆಮೇಲೆ ಹಡಗು. ಸೂಯೆಜ್ ಕಾಲುವೆ ಮುಚ್ಚಿದ್ದರಿಂದ ಹಡಗು ಆಫ್ರಿಕಾ ಖಂಡವನ್ನೇ ಸುತ್ತಿಕೊಂಡು ಹೋಗಬೇಕು. ಇಷ್ಟು ಉದ್ದದ ದಾರಿಯಲ್ಲಿ ಪ್ರತಿಯೊಬ್ಬನ ಹೊಣೆಗೂ ಒಂದು ಗೆರೆ ಇರುತ್ತದೆ. ಗೋದಾಮಿನ ಬಾಗಿಲ ತನಕ ಒಬ್ಬನದು. ಹಳಿಯ ಮೇಲೆ ರೈಲಿನವರದು. ಹಡಗಿನೊಳಗೆ ಇಳಿದ ಮೇಲೆ ಕೊಂಡವನದು.

"ಗೆರಿ ದಾಟ್ತು, ನಂದ ಮುಗೀತು," ಎಂದು ರಾವಸಾಬ ಎಲೆಯಡಿಕೆ ಉಗುಳುತ್ತಿದ್ದ. ಈ ದಂಧೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಗೋದಾಮಿನ ಅಂಗಳದಲ್ಲಿ ಹೆಂಗಸರು ಬಿಸಿಲಿಗೆ ಕೂತು ಎಲುಬು ಒಡೆಯುತ್ತಿದ್ದರು. ಕೋಡು ಬೇರೆ, ಗೊರಸು ಬೇರೆ, ಎಲುಬು ಬೇರೆ. ಸುತ್ತಿಗೆ ಬಿದ್ದಾಗ ಚೂರು ಸಿಡಿದು ಹಣೆಗೆ ಬಡಿಯುತ್ತಿತ್ತು. ಬೆರಳ ಸಂದಿಯಲ್ಲಿ ಹೋದ ಮುಳ್ಳು ಕೀವಾಗಿ ಹೊರಬರುತ್ತಿತ್ತು. ಕೂದಲಲ್ಲಿ, ಸೀರೆಯಲ್ಲಿ, ಹೆತ್ತ ಕೂಸಿನ ಬಾಯಿಯಲ್ಲಿ ಅದೇ ವಾಸನೆ. ಎಲ್ಲರೂ ಸುತ್ತಲಿನ ಕೇರಿಗಳ ಹೆಂಗಸರು. ಬೇರೆ ಜಾತಿಯವರು ಚೀಲದ ಹೊರಗಿನ ಎಲುಬನ್ನು ಮುಟ್ಟುತ್ತಿರಲಿಲ್ಲ. ಹಮಾಲರು ಮಾತ್ರ ಊರವರು. ಹೆಂಗಸರು ತುಂಬಿ, ಬಾಯಿ ಹೊಲಿದು ಇಟ್ಟ ಚೀಲವನ್ನು ಅವರು ಹೊರುತ್ತಿದ್ದರು.

"ಬುಟ್ಟ್ಯಾಗಿದ್ರ ಹೊಲಸು. ಚೀಲದ ಬಾಯಿ ಹೊಲದ್ರಂದ್ರ ಮಾಲು," ಎಂದು ಹಮಾಲರ ಹಿರಿಯ ರಾಚಪ್ಪ ನಗುತ್ತಿದ್ದ.

ಎಲುಬು ಅದೇ, ವಾಸನೆಯೂ ಅದೇ. ನಡುವೆ ಬಂದದ್ದು ಒಂದು ಪದರು ಸೆಣಬು. ಅಷ್ಟರಲ್ಲೇ ಹೊಲಸು ಮಾಲಾಗುತ್ತಿತ್ತು. ಪರಮಾನಂದ ಇದನ್ನು ದಿನಾ ನೋಡುತ್ತಿದ್ದ. ಚೀಲ ಎಣಿಸಿ ಬರೆದುಕೊಳ್ಳುತ್ತಿದ್ದ.

ಪರಮಾನಂದ ಆ ಗೋದಾಮಿನ ಸೂಪರ್‌ವೈಜರ್. ಬಿಜಾಪುರದಲ್ಲಿ ಬಿ.ಎಸ್ಸಿ. ಓದಿದವನು, ರಸಾಯನಶಾಸ್ತ್ರ. ಮುದ್ದೇಬಿಹಾಳದ ಕಡೆಯ ಒಂದು ಕೇರಿಯ ಹುಡುಗ. ಅದು ರಾವಸಾಬನಿಗೆ ಗೊತ್ತಿತ್ತು. ಗೊತ್ತಿದ್ದೇ ಕೆಲಸ ಕೊಟ್ಟಿದ್ದ. ಎಲುಬಿನ ಗೋದಾಮಿಗೆ ಬೇರೆ ಯಾವ ಪದವೀಧರ ಬರುತ್ತಾನೆ? ಆದರೆ ಹಮಾಲರಿಗೆ ಹೇಳಿರಲಿಲ್ಲ. ಹೇಳಿದರೆ ಅವನ ಮಾತನ್ನು ಅವರು ಕೇಳುವುದಿಲ್ಲ, ಕೆಲಸ ಕೆಡುತ್ತದೆ. ಪರಮಾನಂದನೂ ಹೇಳಿರಲಿಲ್ಲ. ಮನಗೂಳಿಯಲ್ಲಿ ಅವನಿಗೊಂದು ಬಾಡಿಗೆಯ ಕೋಣೆ ಇತ್ತು. ಹೇಳಿದರೆ ಅದು ಹೋಗುತ್ತಿತ್ತು.

ಎಲುಬು ಒಡೆಯುವವರಲ್ಲಿ ಹುಲಿಗೆವ್ವ ಇದ್ದಳು. ಅವನ ತಾಯಿಯ ಅಕ್ಕ, ಬರಗಾಲದಲ್ಲಿ ಈ ಕಡೆಯ ಕೇರಿಗೆ ಬಂದವಳು. ತಾಯಿ ಸತ್ತ ಮೇಲೆ ಅವನನ್ನು ಬೆಳೆಸಿದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಅವಳನ್ನು ಲಾರಿಯ ಮರೆಗೆ ಕರೆದಿದ್ದ.

"ಇಲ್ಲಿ ನನ್ನ ಪರಮ್ಯಾ ಅನ್ನಬ್ಯಾಡ ದೊಡ್ಡವ್ವ."

"ಮತ್ತೇನನ್ನಲಿ?"

"ಎಲ್ಲಾರೂ ಅಂದಂಗ ಅನ್ನು."

"ಸಾಹೇಬ್ರ ಅನ್ನಲೇನು? ನಿನ್ನ ಕುಂಡಿ ತೊಳದ ಕೈಲೆ ನಮಸ್ಕಾರನೂ ಮಾಡ್ತೇನಿ ತಗೋ," ಎಂದು ಹುಲಿಗೆವ್ವ ನಕ್ಕಳು. ಅವನು ನಗಲಿಲ್ಲ. ಅದನ್ನು ನೋಡಿ ಅವಳೂ ನಗು ನಿಲ್ಲಿಸಿದಳು. ಅಂದಿನಿಂದ ಸಾಹೇಬ್ರ ಅಂದಳು. ಉಳಿದ ಹೆಂಗಸರಿಗೂ ಹೇಳಿದಳು. ಅವರೆಲ್ಲ ಅವನ ಗುಟ್ಟನ್ನು ತಮ್ಮದೇ ಮಾನವೆಂಬಂತೆ ಕಾದರು.

ಅಂಗಳದಲ್ಲಿ ಒಂದು ನಳ ಇತ್ತು. ಹಮಾಲರು ಅದರಲ್ಲಿ ಕುಡಿಯುತ್ತಿದ್ದರು, ಕೈಕಾಲು ತೊಳೆಯುತ್ತಿದ್ದರು. ಪರಮಾನಂದನೂ ಕುಡಿಯುತ್ತಿದ್ದ. ಹೆಂಗಸರು ಮುಟ್ಟುವಂತಿರಲಿಲ್ಲ. ದೂರ ನಿಂತು ಬೊಗಸೆ ಒಡ್ಡಬೇಕು, ಯಾರಾದರೂ ಮೇಲಿನಿಂದ ಹೊಯ್ಯಬೇಕು. ಹೊಯ್ಯುವವರಿಗೆ ಪುರಸೊತ್ತು ಇರುತ್ತಿರಲಿಲ್ಲ. ಅದಕ್ಕೇ ಹೆಂಗಸರು ಕೇರಿಯಿಂದ ಗಡಿಗೆಯಲ್ಲಿ ನೀರು ಹೊತ್ತು ತರುತ್ತಿದ್ದರು. ಆ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ನೀರು ಕಾದು ಹೋಗುತ್ತಿತ್ತು.

ಒಂದು ದಿನ ಶೇವಂತೆವ್ವ ಕೇಳಿದಳು. ಎಲ್ಲರಿಗಿಂತ ಸಣ್ಣ ವಯಸ್ಸಿನವಳು, ಸುತ್ತಿಗೆ ಎತ್ತಿದರೆ ಗಂಡಸರಂತೆ ಹೊಡೆಯುತ್ತಿದ್ದಳು.

"ಸಾಹೇಬ್ರ, ನಳದ್ದೊಂದು ಮಾತ ಧಣ್ಯಾರ ಕಿವಿಗೆ ಹಾಕ್ರಿ. ಇದನ್ನ ಮುಟ್ಟೂದು ಬ್ಯಾಡಂದ್ರ ಬ್ಯಾಡ. ನಮಗೊಂದು ಬ್ಯಾರೆ ನಳ ಹಾಕಸ್ಲಿ."

"ನೋಡೂನು," ಅಂದ ಪರಮಾನಂದ.

ಅವನು ರಾವಸಾಬನಿಗೆ ಹೇಳಲಿಲ್ಲ. ಹೇಳಿದರೆ ನಿನಗ್ಯಾಕ ಅವರ ಉಸಾಬರಿ ಎಂದು ಹಮಾಲರ ಎದುರಿಗೇ ಕೇಳಿಯಾನು ಎಂದು ಅಂಜಿದ. ಬದಲಿಗೆ ಒಂದು ಜಾಣತನ ಮಾಡಿದ. ಗೋದಾಮಿನೊಳಗೆ ಚೀಲಗಳ ಒಟ್ಟಿಲು ಹಾಕಿಸುವಾಗ ನಡುವೆ ಒಬ್ಬರು ಅಡ್ಡಡ್ಡ ಹೋಗುವಷ್ಟು ಸಂದು ಬಿಡಿಸಿದ. "ಮಾಲಿಗೆ ಗಾಳಿ ಆಡಬೇಕು," ಎಂದು ಹಮಾಲರಿಗೆ ಹೇಳಿದ. ಹೆಂಗಸರಿಗೆ, "ಗಡಿಗಿ ಅಲ್ಲಿಡ್ರಿ. ಬಾಯಿಗೆ ಹಸಿ ಅರಿವಿ ಕಟ್ರಿ," ಎಂದ. ಎರಡು ಕಡೆ ಚೀಲದ ಗೋಡೆ, ಬಿಸಿಲು ಬೀಳದು. ಗಾಳಿಗೆ ಅರಿವೆಯ ನೀರು ಆರುತ್ತ ಗಡಿಗೆಯ ಕಾವನ್ನು ಹೀರುತ್ತದೆ. ಕಾಲೇಜಿನಲ್ಲಿ ಕಲಿತದ್ದು. ನೀರು ನಿಜಕ್ಕೂ ತಣ್ಣಗಿತ್ತು.

"ನಮ್ಮ ಹುಡುಗ ಶಾಣ್ಯಾ ಅದಾನ," ಎಂದು ಹುಲಿಗೆವ್ವ ಮೆಲ್ಲಗೆ ಅಂದಳು. ಅವನಿಗೆ ಹೆಮ್ಮೆಯಾಯಿತು. ಯಾರ ಜೊತೆಯೂ ಜಗಳವಾಡದೆ ಕೆಲಸ ಆಗಿತ್ತು. ಮರುದಿನ ನಳದಲ್ಲಿ ನೀರು ಕುಡಿಯುವಾಗ ಮಾತ್ರ ಹೆಂಗಸರ ಕಡೆ ಬೆನ್ನು ತಿರುಗಿಸಿ ನಿಂತ.

ಅಷ್ಟರಲ್ಲಿ ಬೆಲ್ಜಿಯಮ್‌ನಿಂದ ತಕರಾರು ಬಂತು. ಹಿಂದಿನ ಸಲದ ಮಾಲಿನಲ್ಲಿ ಜೀವಂತ ಹುಳಗಳಿದ್ದವು. ಅಲ್ಲಿಯ ಬಂದರಿನ ಹಮಾಲರ ಮೈಮೇಲೆ ಹರಿದವು. ಅವರು ಮಾಲು ಇಳಿಸುವುದಿಲ್ಲವೆಂದು ಕೈಕಟ್ಟಿ ನಿಂತರು. ಇನ್ನು ಮೇಲೆ ವಿಷದ ಹೊಗೆ ಹಾಕಿ ಹುಳ ಕೊಂದ ಮಾಲನ್ನೇ ಹತ್ತಿಸಿಕೊಳ್ಳುತ್ತೇವೆ ಎಂದು ಹಡಗಿನವರು ಮುಂಬಯಿಗೆ ಹೇಳಿದರು, ಮುಂಬಯಿಯವರು ರಾವಸಾಬನಿಗೆ ಹೇಳಿದರು. ರೊಟ್ಟಿ ತಿನ್ನುವ ಹೊತ್ತಿನಲ್ಲಿ ಪರಮಾನಂದ ಇದನ್ನು ಹೆಂಗಸರಿಗೆ ಹೇಳಿದ.

ಹುಲಿಗೆವ್ವ ತುತ್ತು ಕೈಯಲ್ಲೇ ಹಿಡಿದು ಕೇಳಿದಳು. "ಹಮಾಲರು ಒಲ್ಲೆ ಅಂದ್ರ ಹಡಗ ನಿಂದರತೈತಿ?"

"ನಿಂತಿತಂತ."

"ಅವರನ್ನ ಯಾರೂ ಬಡೀಲಿಲ್ಲ?"

"ಇಲ್ಲ."

"ಮೈಮ್ಯಾಲ ಹುಳಾ ಹರದಿದ್ದಕ್ಕ?" ಶೇವಂತೆವ್ವ ತನ್ನ ರೊಟ್ಟಿಯ ಮೇಲಿನ ಹುಳವನ್ನು ಊದಿದಳು. "ಇವು ನಮ್ಮ ಕೂಡ ದಿನಾ ಉಣ್ಣಾಕ ಕುಂಡ್ರತಾವು. ಎಂದೂ ಒಲ್ಲೆ ಅಂದಿಲ್ಲ, ಪಾಪ."

ಎಲ್ಲರೂ ನಕ್ಕರು. ಹುಲಿಗೆವ್ವ ನಗಲಿಲ್ಲ. ಏನೋ ಯೋಚಿಸುತ್ತ ತುತ್ತು ಬಾಯಿಗಿಟ್ಟಳು.

ಮುಂಬಯಿಯಿಂದ ಗುಳಿಗೆಗಳ ಡಬ್ಬಿ ಬಂತು. ಅಲ್ಯುಮಿನಿಯಮ್ ಫಾಸ್ಫೈಡ್. ಮಾಲಿನ ಮೇಲೆ ತಾಡಪತ್ರಿ ಹೊದಿಸಿ, ಒಳಗೆ ತಟ್ಟೆಯಲ್ಲಿ ಗುಳಿಗೆ ಇಟ್ಟು ಮುಚ್ಚಬೇಕು. ಗಾಳಿಯ ಪಸೆ ತಗುಲಿ ವಿಷವಾಯು ಮೆಲ್ಲಗೆ ಬಿಡುತ್ತ ಹೋಗುತ್ತದೆ. ಮೂರು ದಿನ ಬಿಡಬೇಕು.

ಅದಕ್ಕೆಂದು ಗೊತ್ತುಮಾಡಿದ ದಿನ ಬರುವ ಮೊದಲೇ ಒಂದು ಬೆಳಿಗ್ಗೆ ಮುಂಬಯಿಯಿಂದ ತಂತಿ ಬಂತು. ಹಡಗು ಬೇಗ ಬಂದಿದೆ, ಮಾಲು ಕೂಡಲೇ ಹೊರಡಿಸಿ. ಖಾಲಿ ವ್ಯಾಗನ್ನುಗಳು ಆಗಲೇ ಗೋದಾಮಿನ ಹಿಂಬಾಗಿಲಿಗೆ ಬಂದು ನಿಂತಿದ್ದವು.

"ಈಗಿಂದೀಗ ಔಷಧ ಹಾಕು," ಎಂದ ರಾವಸಾಬ. "ನಾಳೆ ಮುಂಜಾನೆ ಲೋಡ್."

"ಮೂರು ದಿನ ಬೇಕ್ರಿ."

"ಹುಳಾ ಸಾಯಾಕ ಮೂರು ದಿನ ಬೇಕೇನೋ? ಅಷ್ಟರಾಗ ಮನಷ್ಯಾ ಸಾಯ್ತಾನು. ಮತ್ತ ಆ ಹೆಂಗಸರ ಮುಂದ ವಿಷಾ ಗಿಷಾ ಅನ್ನಬ್ಯಾಡ. ಔಷಧ ಅನ್ನು. ಇಲ್ಲಂದ್ರ ಬುಟ್ಟಿ ಒಗದು ಓಡ್ತಾವು."

ಹಮಾಲರು ತಾಡಪತ್ರಿ ಎಳೆದುಕೊಂಡು ಒಟ್ಟಿಲ ಮೇಲೆ ಹತ್ತಿದರು. ಪರಮಾನಂದ ಗುಳಿಗೆಯ ತಟ್ಟೆ ಹಿಡಿದು ಸಂದಿನೊಳಗೆ ಹೋದ. ವಾಯು ಎಲ್ಲ ಕಡೆ ಹರಡಲು ಆ ಸಂದೇ ಸರಿಯಾದ ಜಾಗ. ಅಲ್ಲಿ ಗಡಿಗೆಗಳು ಸಾಲಾಗಿ ಕೂತಿದ್ದವು. ಬಾಯಿಗೆ ಹಸಿ ಅರಿವೆ ಕಟ್ಟಿಕೊಂಡು. ಕೊನೆಯದು ಕಂಠ ಮುಕ್ಕಾದ ಕರಿ ಗಡಿಗೆ, ಶೇವಂತೆವ್ವನದು.

"ರಾಚಪ್ಪಾ, ಈ ಗಡಿಗಿ ಹೊರಗಿಡ್ರಿ," ಎಂದು ಕೂಗಿದ.

ರಾಚಪ್ಪ ಮೇಲಿನಿಂದ ಬಗ್ಗಿ ನೋಡಿದ. "ಅವನ್ನ ನಾವು ಮುಟ್ಟೂದಿಲ್ರಿ ಸಾಹೇಬ್ರ. ಅವರನ್ನ ಕರೀರಿ."

ಹೆಂಗಸರು ಅಂಗಳದ ಆ ತುದಿಯಲ್ಲಿ, ಹೊಸ ಗುಡ್ಡೆಯ ಹತ್ತಿರ ಇದ್ದರು. ಬಾಗಿಲಲ್ಲಿ ರಾವಸಾಬ ಕೂಗಾಡುತ್ತಿದ್ದ. "ಏನ್ ನಡಸೀರೋ ಒಳಗ? ಮುಚ್ರಿ ಲಗೂನ!"

ಪರಮಾನಂದ ತಟ್ಟೆಯನ್ನು ಕೆಳಗಿಟ್ಟ. ಗಡಿಗೆಯ ಕಡೆಗೆ ಕೈ ಹೋಯಿತು.

"ನೀವೂ ಮುಟ್ಟಿಗಿಟ್ಟೀರಿ ಮತ್ತ," ಎಂದ ರಾಚಪ್ಪ ತಮಾಷೆಗೆ. "ಆಮ್ಯಾಲ ನಮ್ಮ ನಳಕ್ಕ ಕೈ ಹಚ್ಚಾಕ ಬಿಡೂದಿಲ್ಲ ನಿಮ್ಮನ್ನ."

ಮೇಲಿದ್ದ ಹಮಾಲರು ನಕ್ಕರು. ಪರಮಾನಂದನೂ ನಕ್ಕ. ಕೈ ಹಿಂದೆ ಬಂತು. ತಟ್ಟೆ ಗಡಿಗೆಗಳ ಪಕ್ಕದಲ್ಲೇ ಉಳಿಯಿತು. ಅವನು ಹೊರಗೆ ಬಂದ. ತಾಡಪತ್ರಿ ಕೆಳಗಿಳಿಯಿತು.

ಅವನು ಸೀದಾ ಹೆಂಗಸರ ಹತ್ತಿರ ಹೋದ. "ಔಷಧ ಹಾಕೇವಿ. ತಾಡಪತ್ರಿ ಒಳಗ ಯಾರೂ ಹೋಗಬ್ಯಾಡ್ರಿ."

"ನಮ್ಮ ನೀರು?" ಎಂದಳು ಶೇವಂತೆವ್ವ.

"ರಾಚಪ್ಪಗ ಹೇಳೇನಿ. ಇವತ್ತೊಂದಿನ ಅಂವ ಹೊಯ್ತಾನು."

"ಹುಳಕ್ಕ ಔಷಧ. ನಮಗ ರಾಚಪ್ಪ," ಎಂದು ಶೇವಂತೆವ್ವ ಸುತ್ತಿಗೆ ಎತ್ತಿದಳು.

ವಿಷ ಎಂಬ ಮಾತು ಪರಮಾನಂದನ ಹಲ್ಲಿನ ಹಿಂದೆಯೇ ಇತ್ತು. ಬಾಗಿಲಲ್ಲಿ ರಾವಸಾಬ ನಿಂತಿದ್ದ. ಮಾತು ಅಲ್ಲೇ ಉಳಿಯಿತು. ಅವನು ರಾಚಪ್ಪನಿಗೆ ನೀರಿನ ವಿಷಯ ಹೇಳಿದ. ರಾಚಪ್ಪ ಹೂಂ ಅಂದ. ವ್ಯಾಗನ್ನುಗಳ ವಿಚಾರ ಮಾತಾಡಲು ಪರಮಾನಂದ ಸ್ಟೇಷನ್ನಿಗೆ ಹೋದ.

ನಡುಹಗಲು ಏರಿತು. ಎಲುಬು ಮುಟ್ಟಿದರೆ ಸುಡುತ್ತಿತ್ತು. ಶೇವಂತೆವ್ವ ನಳದ ಹತ್ತಿರ ಹೋಗಿ ದೂರ ನಿಂತಳು. ಬೊಗಸೆ ಒಡ್ಡಿದಳು.

"ಅಣ್ಣಾ, ಒಂದೀಟು ನೀರ ಹೊಯ್ರಿ."

"ತಡಿ," ಎಂದ ರಾಚಪ್ಪ ನೆರಳಲ್ಲಿ ಒರಗಿದ್ದವನು.

ಅವಳು ತಡೆದಳು. ತಿರುಗಿ ಬಂದು ಎಲುಬು ಒಡೆದಳು. ಮತ್ತೆ ಹೋದಳು. ಅಷ್ಟರಲ್ಲಿ ರಾಚಪ್ಪನಿಗೆ ನಿದ್ದೆ ಹತ್ತಿತ್ತು. ನಳ ಅವಳ ಕೈಗೆ ಎಟಕುವಷ್ಟು ಹತ್ತಿರ ಇತ್ತು. ಅವಳು ಮುಟ್ಟಲಿಲ್ಲ. ನಳ ಮುಟ್ಟಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಾಡಪತ್ರಿಯೊಳಗೆ ಹೋದರೆ ಏನಾಗುತ್ತದೆಂದು ಯಾರೂ ಹೇಳಿರಲಿಲ್ಲ.

ಪರಮಾನಂದ ಸ್ಟೇಷನ್ನಿನಿಂದ ತಿರುಗಿ ಬರುವಾಗ ಕಾಸಿಂಸಾಬ ಕೂಗುತ್ತಿದ್ದ. ತಾಡಪತ್ರಿಯ ಅಂಚು ಮೇಲೆದ್ದಿತ್ತು. ಹೊರಗೆ ಎರಡು ಪಾದ ಕಾಣುತ್ತಿದ್ದವು. ಪರಮಾನಂದ ಉಸಿರು ಬಿಗಿಹಿಡಿದು ನುಗ್ಗಿದ. ಇಬ್ಬರೂ ಸೇರಿ ಶೇವಂತೆವ್ವನನ್ನು ಹೊರಗೆಳೆದರು. ಒಳಗೆ ಕತ್ತಲಲ್ಲಿ ತಟ್ಟೆಯಿಂದ ಬಿಳಿ ಹೊಗೆ ಏಳುತ್ತಿತ್ತು. ಅವಳು ಗಡಿಗೆ ಎತ್ತಿದ್ದಳು, ಇಕ್ಕಟ್ಟಿನಲ್ಲಿ ನೀರು ತುಳುಕಿ ಗುಳಿಗೆಗಳ ಮೇಲೆ ಬಿದ್ದಿತ್ತು.

ಫಾಸ್ಫೈಡಿಗೆ ನೀರು ಸೇರಿದರೆ ಫಾಸ್ಫೀನ್ ವಾಯು ಒಮ್ಮೆಲೇ ಏಳುತ್ತದೆ. ಈ ಸಮೀಕರಣವನ್ನು ಅವನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದ. ಆ ವಾಯುವಿಗೆ ಕೊಳೆತ ಮೀನಿನ ವಾಸನೆ ಇರುತ್ತದೆ, ಮನುಷ್ಯ ಎಚ್ಚರಾಗುತ್ತಾನೆ ಎಂದೂ ಓದಿದ್ದ. ಆ ಪುಸ್ತಕ ಬರೆದವನು ಎಲುಬಿನ ಗೋದಾಮನ್ನು ಕಂಡಿರಲಿಲ್ಲ. ಅಲ್ಲಿ ಇನ್ನೊಂದು ಕೊಳೆತ ವಾಸನೆ ಯಾರಿಗೆ ತಿಳಿದೀತು?

ಅವಳು ಕಾರಿದಳು. ಎದೆ ಹಿಡಿದುಕೊಂಡಳು. ನೀರು, ನೀರು ಅಂದಳು. ಕಾಸಿಂಸಾಬ ಲಾರಿ ಚಾಲು ಮಾಡಲು ಓಡಿದ. ಲಾರಿ ಗುರ್ ಅನ್ನುವ ಮೊದಲೇ ಅವಳ ತಲೆ ಹುಲಿಗೆವ್ವನ ತೊಡೆಯ ಮೇಲೆ ವಾಲಿತು.

ರಾವಸಾಬ ಬಂದು ನೋಡಿದ. "ಬಿಸಲ ಬಡದೈತಿ," ಅಂದ.

"ಬಿಸಲಲ್ರಿ," ಎಂದ ಪರಮಾನಂದ. "ನಾ ಇಟ್ಟ ಗುಳಿಗಿ."

ರಾವಸಾಬ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. "ಹುಚ್ಚನಂಗ ಮಾತಾಡಬ್ಯಾಡ. ಈ ಆಳು ನನ್ನವಲ್ಲ, ಕೂಲಿ ಮುಕಾದಮ ತಂದಾವು. ಮಾಲು ಸೊಲ್ಲಾಪುರದಾಂವಂದು. ಔಷಧ ಹಾಕಂದಾಂವ ಹಡಗಿನಾಂವ. ನಾ ಬರೇ ಸಾಗಸಾಂವ. ತಾಡಪತ್ರಿ ತಗಸು, ಗಾಳಿ ಆಡ್ಲಿ. ನಾಳೆ ಬ್ಯಾಡ, ಇವತ್ತ ಹೊತ್ತು ಮುಳಗೂದ್ರಾಗ ವ್ಯಾಗನ್ ತುಂಬಬೇಕು."

ಎಲ್ಲ ಗೆರೆಗಳೂ ಸರಿಯಾಗಿದ್ದವು. ಎಲ್ಲರೂ ತಮ್ಮ ತಮ್ಮ ಗೆರೆಯ ಆಚೆ ನಿಂತಿದ್ದರು. ಮುಂದಿನವನಿಗೆ ದಾಟಿಸಲು ಪರಮಾನಂದನ ಹತ್ತಿರ ಯಾರೂ ಇರಲಿಲ್ಲ. ತಟ್ಟೆ ಇಟ್ಟ ಕೈ ಇದು. ಗಡಿಗೆಯಿಂದ ಹಿಂದೆ ಬಂದ ಕೈಯೂ ಇದೇ.

ಅವನೇ ತಾಡಪತ್ರಿ ಎಳೆದ. ಎಲ್ಲ ಬಾಗಿಲು ತೆರೆದ. ಒಳಗೆ ಗಾಳಿ ಆಡಿತು. ಆಮೇಲೆ ಹುಲಿಗೆವ್ವ ಎದ್ದಳು. ನಾಲ್ವರು ಸೇರಿ ಶೇವಂತೆವ್ವನನ್ನು ಎತ್ತಿದರು. ಹಿಂಬಾಗಿಲಿಗೂ ವ್ಯಾಗನ್ನಿಗೂ ನಡುವಿನ ಕಟ್ಟೆಯ ಮೇಲೆ ಮಲಗಿಸಿದರು. ಚೀಲ ಹೊತ್ತವರು ಅದೇ ಕಟ್ಟೆ ದಾಟಬೇಕು. ಹೆಂಗಸರು ಅವಳ ಎರಡೂ ಬದಿಗೆ ಭುಜಕ್ಕೆ ಭುಜ ಹಚ್ಚಿ ಕೂತರು.

ಹಮಾಲರು ಚೀಲ ಹೊತ್ತು ಬಂದರು. ನಿಂತರು.

"ದಾರಿ ಬಿಡ್ರಿ," ಎಂದ ರಾಚಪ್ಪ.

"ಹೋಗ್ರಿ. ಯಾರು ಹಿಡದಾರ?" ಎಂದಳು ಹುಲಿಗೆವ್ವ.

"ಹೆಂಗ ಹೋಗೂದು? ನೀವು ಕುಂತೀರಿ."

"ಮುಟ್ಟಿ ಸರಸ್ರಿ. ಕೈ ಹಿಡದು ಎಬ್ಬಸ್ರಿ. ಬರ್ರಿ ಅಣ್ಣಾ, ಕೈ ಹಚ್ರಿ."

ರಾಚಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಬೆನ್ನ ಮೇಲಿನ ಚೀಲವನ್ನು ಕೆಳಗಿಳಿಸಿದ.

"ಅದ್ಯಾವುದೋ ಊರಾಗ ಹಮಾಲರು ಒಲ್ಲೆ ಅಂದ್ರಂತ. ಹಡಗ ನಿಂತಿತಂತ," ಹುಲಿಗೆವ್ವನ ದನಿ ಏರಲಿಲ್ಲ. "ಇಲ್ಲಿ ನಾವು ಒಲ್ಲೆ ಅಂತೇವಿ. ಪೊಲೀಸರು ಬರಬೇಕು. ಡಾಕ್ಟರ್ ಬರಬೇಕು. ಏನು ಕುಡದು ಸತ್ಲು, ಏನು ಕುಡೀಲಾರದಕ್ಕ ಸತ್ಲು, ಬರೀಬೇಕು. ಅಲ್ಲೀತನಾ ಒಂದು ಎಲುವು ಈ ಕಟ್ಟಿ ದಾಟೂದಿಲ್ಲ."

ರಾವಸಾಬ ಬೈದ. ಹೆಸರು ಹಿಡಿದು ಬೈದ, ಜಾತಿ ಹಿಡಿದು ಬೈದ. ಯಾರೂ ಏಳಲಿಲ್ಲ. ಕೊನೆಗೆ ಪರಮಾನಂದನ ಕಡೆ ತಿರುಗಿದ.

"ನೀ ಎಬ್ಬಸೋ. ನಿಮ್ಮ ಕೇರಿ ಮಂದಿ ನಿನ್ನ ಮಾತ ಕೇಳ್ತಾರು. ಆ ಮುದುಕಿ ನಿಮ್ಮ ದೊಡ್ಡವ್ವ ಅಲ್ಲೇನು?"

ಹಮಾಲರು ಪರಮಾನಂದನನ್ನು ನೋಡಿದರು. ಆಮೇಲೆ ನಳವನ್ನು ನೋಡಿದರು. ರಾಚಪ್ಪ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ.

ಪರಮಾನಂದ ಸಂದಿನೊಳಗೆ ಹೋದ. ಮುಕ್ಕಾದ ಕರಿ ಗಡಿಗೆಯನ್ನು ಎತ್ತಿಕೊಂಡು ಬಂದ. ಅಂಗಳ ದಾಟಿ ನಳದ ಹತ್ತಿರ ಹೋದ. ಗಡಿಗೆ ತೊಳೆದ, ತಿರುಗಿ ತೊಳೆದ. ನೀರು ತುಂಬಿದ.

"ಏ!" ಎಂದ ರಾಚಪ್ಪ. ಅಲ್ಲಿಗೇ ನಿಂತ. ತಡೆಯಬೇಕೆಂದರೆ ಅವನ ಕೈ ಹಿಡಿಯಬೇಕಾಗಿತ್ತು.

ಪರಮಾನಂದ ಗಡಿಗೆಯನ್ನು ತಂದು ಹುಲಿಗೆವ್ವನ ಮುಂದೆ ಹಿಡಿದ.

"ನಾ ಒಲ್ಲೆ," ಎಂದಳು.

"ದೊಡ್ಡವ್ವಾ..."

"ಅಕಿ ಕೇಳಿದ್ಲು. ಅಕಿ ಬಾಯಾಗ ಬಿಡು."

ಅವನು ಮೊಣಕಾಲೂರಿ ಶೇವಂತೆವ್ವನ ತುಟಿಗೆ ನೀರು ಬಿಟ್ಟ. ನೀರು ಒಳಗೆ ಹೋಗಲಿಲ್ಲ. ಕೆನ್ನೆಯ ಮೇಲೆ ಹರಿದು, ಕಿವಿಯ ಹಿಂದಿನ ಎಲುಬಿನ ಧೂಳನ್ನು ತೊಳೆದು, ಕಟ್ಟೆಯ ಕಲ್ಲಿಗೆ ಇಳಿಯಿತು.

"ಗಡಿಗಿ ನೋಡಿದ್ದೆ ನಾ. ಕೈ ಹಚ್ಚಲಿಲ್ಲ," ಎಂದ ಅವನು.

"ಗೊತ್ತೈತಿ."

"ಯಾರು ಹೇಳಿದ್ರು?"

"ಗಡಿಗಿ ಒಳಗಿದ್ವು. ನೀ ಹೊರಗಿದ್ದಿ. ಇದನ್ನ ಯಾರರ ಹೇಳಬೇಕೇನು?"

ಹುಲಿಗೆವ್ವ ಅವನ ಮುಖ ನೋಡಲಿಲ್ಲ. ಬಯ್ಯಲೂ ಇಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅದು ಅವಳಿಗೆ ತಿಳಿದಿತ್ತು.

ಕಾಸಿಂಸಾಬ ಲಾರಿ ತಿರುಗಿಸಿಕೊಂಡು ಬಾಗೇವಾಡಿಗೆ, ಪೊಲೀಸರನ್ನು ಕರೆಯಲು ಹೋದ. ಗುಳಿಗೆ ಯಾರು ಇಟ್ಟರು ಎಂದು ಕೇಳಿದರೆ ನನ್ನ ಹೆಸರು ಹೇಳು ಎಂದು ಪರಮಾನಂದ ಅವನಿಗೆ ಕೂಗಿ ಹೇಳಿದ್ದ. ಎಲ್ಲರಿಗೂ ಕೇಳುವಂತೆ ಕೂಗಿದ್ದ. ಆಮೇಲೆ ಬಂದು ಸಾಲಿನ ಕೊನೆಗೆ, ಹುಲಿಗೆವ್ವನ ಪಕ್ಕಕ್ಕೆ ಕೂತ. ಅಂಟಿ ಕೂರುವ ಧೈರ್ಯ ಬರಲಿಲ್ಲ. ಇಬ್ಬರ ನಡುವೆ ಒಂದಿಷ್ಟು ಜಾಗ ಉಳಿಯಿತು. ಚೀಲ ಹೊತ್ತವನೊಬ್ಬ ಯಾರನ್ನೂ ಮುಟ್ಟದೆ ಅಡ್ಡಡ್ಡ ದಾಟಬಹುದಾದಷ್ಟು ಜಾಗ. ರಾಚಪ್ಪನ ಕಣ್ಣು ಅಲ್ಲಿಗೇ ಬಿತ್ತು. ಅವನು ಚೀಲವನ್ನು ಮತ್ತೆ ಬೆನ್ನಿಗೇರಿಸಿಕೊಂಡ.

ಹುಲಿಗೆವ್ವ ಎದುರಿನ ವ್ಯಾಗನ್ನನ್ನೇ ನೋಡುತ್ತ ಅಂದಳು:

"ಈ ಕಡೆ ಸರಿಯೋ ಪರಮ್ಯಾ. ಸಂದು ಬಿಡಬ್ಯಾಡ."